ಮಗುವಿನ ಭಯಕ್ಕೆ ಮನೆಯೇ ಮಣಿದಾಗ: ಆತಂಕದ ಚಿಕಿತ್ಸೆಯಲ್ಲಿ ಪೋಷಕರ ಪಾತ್ರ

ದಾವಣಗೆರೆ: ಶಾಲೆಗಳ ಬಾಗಿಲು ತೆರೆಯುವ ಕಾಲ ಬಂತೆಂದರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಏಳನೆಯ ತರಗತಿ ಮುಗಿಸಿದ ಮಕ್ಕಳು ಮೊದಲ ಬಾರಿಗೆ ಒಬ್ಬರೇ ಬಸ್ಸು ಹತ್ತಿ ಪಟ್ಟಣದ ಪ್ರೌಢಶಾಲೆಗೆ ಹೊರಡುತ್ತಾರೆ. ಬಹುಪಾಲು ಮಕ್ಕಳು ವಾರ ಹದಿನೈದು ದಿನಗಳಲ್ಲಿ ಹೊಸ ಜಾಗಕ್ಕೆ ಒಗ್ಗಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಬೆಳಗಾಗುತ್ತಿದ್ದಂತೆ ಹೊಟ್ಟೆನೋವು, ಓಕರಿಕೆ, ತಲೆಸುತ್ತು. ಭಾನುವಾರ ಇಲ್ಲದ ನೋವು ಸೋಮವಾರ ತಪ್ಪದೆ ಹಾಜರಾಗುತ್ತದೆ. ಬಸ್ಸು ಹೋದ ಅರ್ಧ ಗಂಟೆಗೆ ತಾನಾಗಿಯೇ ಮಾಯವಾಗುತ್ತದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರೂ ಏನೂ ಕಾಣುವುದಿಲ್ಲ.

ಇಂಥ ಬೆಳಗಿನಲ್ಲಿ ಹೆತ್ತ ಕರುಳು ಆಡುವ ಮಾತು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: 'ಇರ್ಲಿ ಬಿಡವ್ವ, ಇವತ್ತೊಂದಿನ ಮನೇಲಿರು, ನಾಳೆ ಹೋಗುವಿಯಂತೆ.' ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲ. ಆದರೆ ಮಕ್ಕಳ ಆತಂಕದ ಕಾಯಿಲೆಗಳ ಕುರಿತು ಕಳೆದ ಮೂರು ದಶಕಗಳಲ್ಲಿ ನಡೆದಿರುವ ಅಧ್ಯಯನಗಳು ಒಂದು ಅಪ್ರಿಯ ಸತ್ಯವನ್ನು ಮುಂದಿಟ್ಟಿವೆ. ಅಂದಿನ ಭಯವನ್ನು ಹೋಗಲಾಡಿಸಲು ಮನೆಯವರು ಮಾಡುವ ಉಪಕಾರವೇ ಆ ಭಯ ವರ್ಷಗಟ್ಟಲೆ ಉಳಿಯಲು ನೆರವಾಗಬಹುದು ಮತ್ತು ವೈದ್ಯರ ಚಿಕಿತ್ಸೆಗೆ ಅಡ್ಡ ಬರಬಹುದು. ಇದೇ ಸತ್ಯಕ್ಕೆ ಭರವಸೆಯ ಇನ್ನೊಂದು ಮುಖವೂ ಇದೆ. ಮನೆಯವರ ನಡವಳಿಕೆ ಬದಲಾದರೆ ಮಗುವಿನ ಭಯವೂ ತಗ್ಗುತ್ತದೆ. ಮಕ್ಕಳ ಮನೋವೈದ್ಯರು ಹತ್ತಿರದಲ್ಲಿಲ್ಲದ ತಾಲ್ಲೂಕುಗಳ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

ಭಯ ಯಾವಾಗ ಕಾಯಿಲೆ?

ಭಯ ಬಾಲ್ಯದ ಸಹಜ ಗುಣ. ಒಂದು ವರ್ಷದ ಕೂಸು ಅಪರಿಚಿತರನ್ನು ಕಂಡು ಅಳುತ್ತದೆ, ಮೂರು ವರ್ಷದ ಮಗು ಕತ್ತಲೆಗೆ ಅಂಜುತ್ತದೆ, ಶಾಲೆಗೆ ಸೇರಿದ ಮಗು ಮೊದಲ ಕೆಲವು ದಿನ ತಾಯಿಯ ಸೆರಗು ಬಿಡುವುದಿಲ್ಲ. ಇವು ಬಂದು ಹೋಗುವ ಭಯಗಳು. ವಯಸ್ಸು ಮೀರಿದರೂ ಭಯ ಉಳಿದು, ವಾರಗಟ್ಟಲೆ ಮುಂದುವರಿದು, ಮಗುವಿನ ಓದು, ಆಟ, ನಿದ್ದೆ, ಗೆಳೆತನಗಳಿಗೆ ತಡೆಯಾದಾಗ ಅದನ್ನು ಆತಂಕದ ಕಾಯಿಲೆ ಎಂದು ವೈದ್ಯರು ಪರಿಗಣಿಸುತ್ತಾರೆ.

ಇದರಲ್ಲಿ ಹಲವು ಬಗೆಗಳಿವೆ. ತಾಯಿ ಅಥವಾ ತಂದೆಯನ್ನು ಬಿಟ್ಟಿರಲಾರದ ಅಗಲಿಕೆಯ ಆತಂಕ. ಜನರ ಎದುರು ಮಾತನಾಡಲು, ತರಗತಿಯಲ್ಲಿ ಎದ್ದು ಉತ್ತರಿಸಲು ಅಂಜುವ ಸಾಮಾಜಿಕ ಆತಂಕ. ನಾಯಿ, ಗುಡುಗು, ಸೂಜಿ ಮೊದಲಾದವುಗಳ ಬಗ್ಗೆ ಅತಿಯಾದ ಭಯ. ಪರೀಕ್ಷೆ, ಕಾಯಿಲೆ, ಸಾವು ಎಂದು ಸದಾ ಏನನ್ನಾದರೂ ಕುರಿತು ಕೊರಗುವ ಚಿಂತೆ. ಕೈ ತೊಳೆದದ್ದನ್ನೇ ತೊಳೆಯುವ, ಚಿಲಕ ಹಾಕಿದ್ದನ್ನೇ ಮತ್ತೆ ನೋಡುವ ಗೀಳು ಕಾಯಿಲೆಯನ್ನು ಈಗ ಪ್ರತ್ಯೇಕ ಗುಂಪಿನಲ್ಲಿ ಸೇರಿಸಲಾಗಿದ್ದರೂ ಮನೆಯವರ ಪಾತ್ರದ ದೃಷ್ಟಿಯಿಂದ ಅದೂ ಇವುಗಳ ಹತ್ತಿರದ ನೆಂಟನೇ.

ಮಕ್ಕಳಿಗೆಲ್ಲಿಯ ಮನೋರೋಗ ಎಂಬ ಮಾತು ಸಾಮಾನ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರಿನ ನಗರ ಹಾಗೂ ಗ್ರಾಮೀಣ ಭಾಗದ 16 ವರ್ಷದವರೆಗಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಬಗ್ಗೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಕಂಡುಬಂದಿತ್ತು. ಇದೇ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಈ ಪ್ರಮಾಣ ಶೇ. 7.3 ಎಂದು ತಿಳಿಸಿತು. ಗಲಾಟೆ ಮಾಡುವ ಮಗು ಎಲ್ಲರ ಕಣ್ಣಿಗೆ ಬೀಳುತ್ತದೆ. ಅಂಜುವ ಮಗು ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತದೆ, ಹಾಗಾಗಿ ಅದರ ಕಷ್ಟ ಹೊರಬೀಳುವುದು ತಡ.

'ಹೊಂದಾಣಿಕೆ' ಎಂದರೇನು?

ಮಗುವಿಗೆ ಭಯವಾಗದಿರಲೆಂದು ಮನೆಯವರು ತಮ್ಮ ನಡವಳಿಕೆಯನ್ನೇ ಬದಲಿಸಿಕೊಳ್ಳುವುದನ್ನು ತಜ್ಞರು 'ಕುಟುಂಬದ ಹೊಂದಾಣಿಕೆ' ಎನ್ನುತ್ತಾರೆ. ಈ ಪರಿಕಲ್ಪನೆಯನ್ನು ಮೊದಲು ಅಳೆದು ನೋಡಿದ್ದು 1990ರ ದಶಕದಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ, ಗೀಳು ಕಾಯಿಲೆಯವರ ಕುಟುಂಬಗಳಲ್ಲಿ. ನಿಮ್ಹಾನ್ಸ್‌ನ ವೈದ್ಯರೂ ಗೀಳು ಕಾಯಿಲೆಯವರ ಮನೆಗಳಲ್ಲಿನ ಇಂಥ ಹೊಂದಾಣಿಕೆ ಕುರಿತ ಅಧ್ಯಯನವನ್ನು 2014ರಲ್ಲಿ ಪ್ರಕಟಿಸಿದ್ದಾರೆ. ಮಕ್ಕಳ ಇತರ ಆತಂಕಗಳಿಗೂ ಇದು ಅನ್ವಯಿಸುತ್ತದೆ ಎಂಬುದು ಆನಂತರದ ಸಂಶೋಧನೆಗಳಿಂದ ಸ್ಪಷ್ಟವಾಯಿತು.

ಕನ್ನಡದ ಮನೆಗಳಲ್ಲಿ ಹೊಂದಿಕೊಂಡು, ಅನುಸರಿಸಿಕೊಂಡು ಹೋಗುವುದು ದೊಡ್ಡ ಗುಣವೆನಿಸಿದೆ. ಆದ್ದರಿಂದಲೇ ಇಲ್ಲಿ ಈ ನಡವಳಿಕೆ ಸಮಸ್ಯೆಯಂತೆ ಕಾಣುವುದೇ ಇಲ್ಲ. ಹನ್ನೊಂದು ವರ್ಷದ ಹುಡುಗ ಅಜ್ಜಿಯ ಮಗ್ಗುಲಲ್ಲಲ್ಲದೆ ಮಲಗುವುದಿಲ್ಲವೆಂದು ಅಜ್ಜಿ ಯಾವ ನೆಂಟರ ಮನೆಗೂ ಹೋಗುವುದನ್ನು ಬಿಡುತ್ತಾಳೆ. ಅಂಗಡಿಯವನೊಂದಿಗೆ ಮಾತನಾಡಲು ತಂಗಿ ಹೆದರುತ್ತಾಳೆಂದು ಅಕ್ಕನೇ ಎಲ್ಲ ಕಡೆ ಅವಳ ಪರವಾಗಿ ಮಾತನಾಡುತ್ತಾಳೆ. ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ಸುಲಿಯುವ ಕೆಲಸಕ್ಕೆ ಹೋಗಬೇಕಾದ ತಾಯಿ, ಮಗ ಬಿಡುವುದಿಲ್ಲವೆಂದು ಶಾಲೆಯ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕುಳಿತು ಅಂದಿನ ಕೂಲಿ ಕಳೆದುಕೊಳ್ಳುತ್ತಾಳೆ. ಮಳೆಯನ್ನೇ ನೆಚ್ಚಿದ ಜಗಳೂರಿನ ಹಳ್ಳಿಗಳಲ್ಲಿ ಹೆತ್ತವರು ಕೆಲಸ ಅರಸಿ ದೂರದ ಊರಿಗೆ ಹೋದಾಗ, ಮೊಮ್ಮಗುವಿನ ಕಣ್ಣೀರು ನೋಡಲಾರದ ಅಜ್ಜ ಶಾಲೆಯ ಮಾತನ್ನೇ ಎತ್ತುವುದಿಲ್ಲ.

ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆರನೆಯ ತರಗತಿಗೆ ಸೇರಿದ ಮಗು ಮೊದಲ ವಾರ ಫೋನಿನಲ್ಲಿ ಅತ್ತ ಕೂಡಲೇ ಬಟ್ಟೆಬರೆ ಸಮೇತ ಮನೆಗೆ ಕರೆತರುವುದು, 'ಅಮ್ಮ, ನಿನಗೇನೂ ಆಗಲ್ಲ ತಾನೇ?' ಎಂದು ದಿನಕ್ಕೆ ಇಪ್ಪತ್ತು ಸಲ ಕೇಳುವ ಮಗುವಿಗೆ ಇಪ್ಪತ್ತು ಸಲವೂ 'ಏನೂ ಆಗಲ್ಲ' ಎಂದು ಭರವಸೆ ಕೊಡುವುದು, ಜನ ಸೇರುವ ಮದುವೆ ಜಾತ್ರೆಗಳಿಗೆ ಮನೆಮಂದಿಯೆಲ್ಲ ಹೋಗದಿರುವುದು, ಇವೆಲ್ಲ ಹೊಂದಾಣಿಕೆಯ ರೂಪಗಳೇ. ಕೆಲವದರಲ್ಲಿ ಮನೆಯವರು ಮಗುವಿನ ಭಯದ ಆಚರಣೆಯಲ್ಲಿ ತಾವೂ ಪಾಲ್ಗೊಳ್ಳುತ್ತಾರೆ. ಕೆಲವದರಲ್ಲಿ ಮನೆಯ ದಿನಚರಿಯನ್ನೇ ಮಾರ್ಪಡಿಸುತ್ತಾರೆ.

ಭಯವನ್ನು ಸಾಕುವ ಚಕ್ರ

ಇದರಿಂದ ಭಯ ಹೆಚ್ಚುವುದು ಹೇಗೆ? ಭಯಕ್ಕೆ ಒಂದು ಸ್ವಭಾವವಿದೆ. ಅದು ಸರ್ರನೆ ಏರುತ್ತದೆ. ಹೆದರಿಸುವ ಸನ್ನಿವೇಶದಲ್ಲಿ ಅಪಾಯವಿಲ್ಲದೆ ಸ್ವಲ್ಪ ಹೊತ್ತು ಉಳಿದರೆ ತಾನಾಗಿಯೇ ಇಳಿಯತೊಡಗುತ್ತದೆ. ಮಗು ಕಲಿಯಬೇಕಾದ ಪಾಠ ಇಲ್ಲಿದೆ: 'ಭಯವಾಯಿತು, ಆದರೂ ಕೆಟ್ಟದ್ದೇನೂ ಆಗಲಿಲ್ಲ, ನಾನು ತಡೆದುಕೊಂಡೆ.' ಭಯ ಏರುತ್ತಿರುವಾಗಲೇ ಮಗುವನ್ನು ಅಲ್ಲಿಂದ ಪಾರು ಮಾಡಿದರೆ ಈ ಪಾಠ ತಪ್ಪಿಹೋಗುತ್ತದೆ. ಅದರ ಬದಲು ಮಗು ಬೇರೆಯದನ್ನೇ ಕಲಿಯುತ್ತದೆ: 'ಅಮ್ಮ ಬಂದದ್ದರಿಂದ ಬಚಾವಾದೆ. ಅಂದರೆ ಅಲ್ಲಿ ನಿಜಕ್ಕೂ ಅಪಾಯವಿತ್ತು. ಒಬ್ಬನೇ ಎದುರಿಸುವುದು ನನ್ನಿಂದಾಗದು.'

ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿಯೇ ಮತ್ತೆ ತಪ್ಪಿಸಿಕೊಳ್ಳಲು ಪ್ರೇರಣೆಯಾಗುತ್ತದೆ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಒ. ಹೋಬರ್ಟ್ ಮೌರರ್ 1947ರಲ್ಲೇ ವಿವರಿಸಿದ್ದರು. ಮಕ್ಕಳ ವಿಷಯದಲ್ಲಿ ಈ ನೆಮ್ಮದಿ ಇಬ್ಬರಿಗೆ ಸಿಗುತ್ತದೆ. ಶಾಲೆ ತಪ್ಪಿದ್ದಕ್ಕೆ ಮಗು ನಿರಾಳವಾದರೆ, ಮಗುವಿನ ಅಳು ನಿಂತದ್ದಕ್ಕೆ ತಾಯಿಯೂ ನಿರಾಳವಾಗುತ್ತಾಳೆ. ಮರುದಿನ ಇಬ್ಬರೂ ಅದೇ ದಾರಿ ಹಿಡಿಯುತ್ತಾರೆ. ಒಂದು ದಿನದ ರಜೆ ಒಂದು ವಾರವಾಗುತ್ತದೆ. ಅಷ್ಟರಲ್ಲಿ ಪಾಠ ಹಿಂದೆ ಬಿದ್ದು, ಗೆಳತಿಯರು ಬೇರೆ ಜೊತೆ ಹುಡುಕಿಕೊಂಡು, ಮೇಷ್ಟ್ರು ಕೇಳುವ ಪ್ರಶ್ನೆಗೆ ಉತ್ತರವೂ ತಿಳಿಯದಂತಾಗಿ ಮೊದಲಿದ್ದ ಭಯಕ್ಕೆ ಹೊಸ ಕಾರಣಗಳು ಸೇರಿಕೊಳ್ಳುತ್ತವೆ.

ಹಾಗಾದರೆ ತಪ್ಪು ಪೋಷಕರದ್ದೇ? ಅಲ್ಲ. ಆತಂಕದ ಮೂಲದಲ್ಲಿ ಹುಟ್ಟಿನಿಂದ ಬಂದ ಸ್ವಭಾವ, ವಂಶವಾಹಿ, ಜೀವನದ ಘಟನೆಗಳು ಎಲ್ಲವೂ ಇರುತ್ತವೆ. ಹೊಂದಾಣಿಕೆ ಕಾಯಿಲೆಯನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಉಳಿಸುತ್ತದೆ. ಮಗು ಹೆದರಿದಾಗ ಹತ್ತಿರ ಸೆಳೆದುಕೊಳ್ಳುವುದು ಹೆತ್ತವರ ಸಹಜ ಪ್ರವೃತ್ತಿ. ಯೇಲ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಎಲಿ ಲೆಬೊವಿಟ್ಜ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆತಂಕದ ಕಾಯಿಲೆಯಿರುವ ಮಕ್ಕಳ ಹೆತ್ತವರಲ್ಲಿ ಶೇ. 95ಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯಲ್ಲಿ ಮಗುವಿನ ಭಯಕ್ಕೆ ಮಣಿಯುತ್ತಿರುವುದಾಗಿ ಹೇಳಿದ್ದರು. ಹೆಚ್ಚುಕಡಿಮೆ ಎಲ್ಲರೂ ಮಾಡುವ ಕೆಲಸಕ್ಕೆ ಯಾರೊಬ್ಬರನ್ನೂ ದೂಷಿಸುವುದರಲ್ಲಿ ಅರ್ಥವಿಲ್ಲ.

ಚಿಕಿತ್ಸೆಗೆ ಅಡ್ಡಿಯಾಗುವ ಬಗೆ

ಮಕ್ಕಳ ಆತಂಕಕ್ಕೆ ಪರಿಣಾಮಕಾರಿ ಚಿಕಿತ್ಸೆಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಸಿಬಿಟಿ ಎಂದು ಕರೆಯಲಾಗುವ ಚಿಂತನೆ-ವರ್ತನೆ ಚಿಕಿತ್ಸೆ. ಹೆದರಿಸುವ ಸಂಗತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಅಭ್ಯಾಸವೇ ಇದರ ತಿರುಳು. ಈ ವಿಧಾನಕ್ಕೆ ಶತಮಾನದ ಇತಿಹಾಸವಿದೆ. ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಬಾಲಕನೊಬ್ಬ ತನಗಿಷ್ಟವಾದ ತಿಂಡಿ ತಿನ್ನುತ್ತಿದ್ದಾಗ ಮೊಲವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದು, ಕೊನೆಗೆ ಅವನೇ ಅದನ್ನು ಮುಟ್ಟುವಂತೆ ಮಾಡಿದ ಪ್ರಯೋಗ ಪ್ರಸಿದ್ಧವಾಗಿದೆ.

ಅಮೆರಿಕದಲ್ಲಿ 7ರಿಂದ 17 ವರ್ಷದ 488 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಸಿಬಿಟಿ ಪಡೆದವರಲ್ಲಿ ಶೇ. 60ರಷ್ಟು, ಸರ್ಟ್ರಲೀನ್ ಎಂಬ ಔಷಧ ಪಡೆದವರಲ್ಲಿ ಶೇ. 55ರಷ್ಟು ಮತ್ತು ಎರಡನ್ನೂ ಪಡೆದವರಲ್ಲಿ ಶೇ. 81ರಷ್ಟು ಮಕ್ಕಳು ಚೆನ್ನಾಗಿ ಚೇತರಿಸಿಕೊಂಡರು. ಔಷಧವಿಲ್ಲದ ಬರಿಯ ಗುಳಿಗೆ ಪಡೆದವರಲ್ಲಿ ಈ ಪ್ರಮಾಣ ಶೇ. 24 ಮಾತ್ರ. ಚಿಕಿತ್ಸೆ ಫಲಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೂ ಎಲ್ಲರಿಗೂ ಫಲಿಸುವುದಿಲ್ಲ. ಮನೆಯಲ್ಲಿ ಹೊಂದಾಣಿಕೆ ಹೆಚ್ಚಿದ್ದಷ್ಟೂ ಚಿಕಿತ್ಸೆಯ ಫಲ ಕಡಿಮೆ ಎಂಬುದನ್ನು ಹಲವು ಅಧ್ಯಯನಗಳು ಗುರುತಿಸಿವೆ.

ಕಾರಣ ಸರಳ. ವಾರಕ್ಕೊಮ್ಮೆ ಚಿಕಿತ್ಸಕರ ಬಳಿ ಮಗು ಕಳೆಯುವುದು ಒಂದು ಗಂಟೆ. ಉಳಿದೆಲ್ಲ ಗಂಟೆಗಳೂ ಮನೆ ಮತ್ತು ಶಾಲೆಯವು. 'ಈ ವಾರ ಅಂಗಡಿಗೆ ಒಬ್ಬಳೇ ಹೋಗಿ ಸಕ್ಕರೆ ತರಬೇಕು' ಎಂದು ಚಿಕಿತ್ಸಕರು ಹೇಳಿ ಕಳಿಸಿದ ಅಭ್ಯಾಸವನ್ನು ಮನೆಯಲ್ಲಿ ಅಕ್ಕ ಮಾಡಿ ಮುಗಿಸಿದರೆ ಮಗು ಇದ್ದಲ್ಲಿಯೇ ಇರುತ್ತದೆ. ಭಯವನ್ನು ಎದುರಿಸಬೇಕಾದ ಅಗತ್ಯವೇ ಮಗುವಿಗೆ ಕಾಣದಾಗುತ್ತದೆ.

ಇನ್ನೊಂದು ಬಗೆಯ ಅಡ್ಡಿ ಅಷ್ಟು ಸುಲಭವಾಗಿ ಗೋಚರಿಸುವುದಿಲ್ಲ. ಮಗುವಿಗೆ ಹೆದರಿಕೆ ಹಿಡಿದಿದೆ, ದೃಷ್ಟಿ ತಾಗಿದೆ ಎಂದು ತಾಯತ ಕಟ್ಟಿಸುವುದು, ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಅಜ್ಜಯ್ಯನ ಸನ್ನಿಧಿಗೆ ಹರಕೆ ಹೊರುವುದು ಈ ಸೀಮೆಯ ರೂಢಿ. ಪೂಜೆ ಪ್ರಾರ್ಥನೆಗಳಿಂದ ಮನೆಯವರಿಗೆ ಧೈರ್ಯ ಬರುವುದಾದರೆ ಅದಕ್ಕೆ ವೈದ್ಯಶಾಸ್ತ್ರದ ತಕರಾರಿಲ್ಲ. ಆದರೆ 'ತಾಯತ ಇಲ್ಲದಿದ್ದರೆ ಹೊರಗೆ ಕಾಲಿಡೆ' ಎಂದು ಮಗು ಪಟ್ಟು ಹಿಡಿದರೆ ಅದೂ ಒಂದು ಊರುಗೋಲಾಯಿತು. ಸದಾ ಕೈಯಲ್ಲಿರಬೇಕಾದ ನೀರಿನ ಬಾಟಲಿ, ಗಂಟೆಗೊಮ್ಮೆ ಅಮ್ಮನಿಗೆ ಮಾಡಲೇಬೇಕಾದ ಫೋನು, ನೋವಿಲ್ಲದಿದ್ದರೂ ನುಂಗಬೇಕಾದ ಮಾತ್ರೆ ಇವೆಲ್ಲ ಇದೇ ಸಾಲಿಗೆ ಸೇರುತ್ತವೆ.

ಮಗುವಿಗಲ್ಲ, ಹೆತ್ತವರಿಗೆ ತರಬೇತಿ

ಈ ತಿಳಿವಳಿಕೆಯ ಆಧಾರದ ಮೇಲೆ ಲೆಬೊವಿಟ್ಜ್ ಅವರು 'ಸ್ಪೇಸ್' ಎಂಬ ಚಿಕಿತ್ಸಾ ಕ್ರಮವನ್ನು ರೂಪಿಸಿದರು. ಇದರ ವಿಶೇಷವೆಂದರೆ ಚಿಕಿತ್ಸಕರು ಭೇಟಿಯಾಗುವುದು ತಂದೆತಾಯಿಯನ್ನು ಮಾತ್ರ. ಆತಂಕದ ಕಾಯಿಲೆಯಿದ್ದ 7ರಿಂದ 14 ವರ್ಷದ 124 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮಕ್ಕಳಿಗೆ ಹನ್ನೆರಡು ವಾರ ಸಿಬಿಟಿ ನೀಡಲಾಯಿತು. ಇನ್ನೊಂದು ಗುಂಪಿನ ಹೆತ್ತವರಿಗೆ ಮಾತ್ರ ಹನ್ನೆರಡು ವಾರ ತರಬೇತಿ ಕೊಡಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಚಿಕಿತ್ಸಕರನ್ನು ಭೇಟಿಯೇ ಆಗದ ಮಕ್ಕಳ ಚೇತರಿಕೆ ಸಿಬಿಟಿ ಪಡೆದ ಮಕ್ಕಳದ್ದಕ್ಕಿಂತ ಕಡಿಮೆಯೇನೂ ಇರಲಿಲ್ಲ.

ಆಸ್ಪತ್ರೆಗೆ ಬರಲು ಒಲ್ಲೆನೆನ್ನುವ, ವೈದ್ಯರ ಮುಂದೆ ಬಾಯಿಯೇ ಬಿಡದ ಮಕ್ಕಳ ಹೆತ್ತವರಿಗೆ ಈ ಫಲಿತಾಂಶ ಮಹತ್ವದ್ದು. ಈ ಕ್ರಮದ ಮುಖ್ಯ ಹೆಜ್ಜೆಗಳು ಹೀಗಿವೆ.

ಮೊದಲನೆಯದು ಮಾತು. ಹೆದರಿದ ಮಗುವಿಗೆ ಮನೆಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. 'ಇಷ್ಟಕ್ಕೆಲ್ಲ ಹೆದರ್ತಾರೇನೋ, ಗಂಡು ಹುಡುಗ ನೀನು' ಎಂಬುದು ಒಂದು. 'ಅಯ್ಯೋ ಪಾಪ, ಅವನ ಕೈಲಾಗಲ್ಲ ಬಿಡಿ' ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಮಗುವಿನ ಕಷ್ಟಕ್ಕೆ ಬೆಲೆಯಿಲ್ಲ, ಎರಡನೆಯದರಲ್ಲಿ ಮಗುವಿನ ಶಕ್ತಿಯ ಮೇಲೆ ನಂಬಿಕೆಯಿಲ್ಲ. ಬೇಕಾದದ್ದು ಎರಡೂ ಕೂಡಿದ ಮಾತು: 'ನಿನಗೆ ಭಯ ಆಗ್ತಿದೆ, ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ನೀನು ತಡ್ಕೊಳ್ತೀಯ ಅನ್ನೋ ನಂಬಿಕೆ ನನಗಿದೆ.'

ಎರಡನೆಯದು ಪಟ್ಟಿ. ಮುಂಜಾನೆಯಿಂದ ರಾತ್ರಿ ಮಲಗುವವರೆಗೆ ಮಗುವಿನ ಭಯದ ಕಾರಣಕ್ಕೆ ಮನೆಯವರು ಏನೇನು ಮಾಡುತ್ತಿದ್ದಾರೆ, ಏನೇನು ಬಿಟ್ಟಿದ್ದಾರೆ ಎಂಬುದನ್ನು ಒಂದು ವಾರ ಬರೆದಿಡಬೇಕು. ಪಟ್ಟಿಯ ಉದ್ದ ಕಂಡು ಹಲವರು ಬೆರಗಾಗುತ್ತಾರೆ.

ಮೂರನೆಯದು ಆಯ್ಕೆ. ಪಟ್ಟಿಯಲ್ಲಿರುವುದನ್ನೆಲ್ಲ ಒಂದೇ ದಿನ ನಿಲ್ಲಿಸಹೊರಟರೆ ಮನೆ ರಣರಂಗವಾಗುತ್ತದೆ. ಪದೇ ಪದೇ ನಡೆಯುವ, ಹೆತ್ತವರ ಹಿಡಿತದಲ್ಲಿರುವ ಒಂದೇ ಒಂದು ಸಂಗತಿಯನ್ನು ಆರಿಸಿಕೊಳ್ಳಬೇಕು. ಬದಲಾಗಬೇಕಾದದ್ದು ಮಗುವಿನ ನಡವಳಿಕೆಯಲ್ಲ, ದೊಡ್ಡವರದ್ದು. 'ನೀನು ಇನ್ನು ಮೇಲೆ ಕೇಳಬಾರದು' ಎಂದು ಮಗುವಿಗೆ ಅಪ್ಪಣೆ ಮಾಡುವ ಬದಲು 'ಇನ್ನು ಮೇಲೆ ಇದೇ ಪ್ರಶ್ನೆಗೆ ನಾನು ರಾತ್ರಿ ಒಂದು ಸಲ ಮಾತ್ರ ಉತ್ತರಿಸುತ್ತೇನೆ' ಎಂದು ತಾಯಿ ತನ್ನ ನಡೆಯನ್ನು ತಾನೇ ನಿರ್ಧರಿಸುತ್ತಾಳೆ. ಇದಕ್ಕೆ ಮಗುವಿನ ಒಪ್ಪಿಗೆ ಬೇಕಿಲ್ಲ. ಆದರೆ ಮಗುವಿಗೆ ಮುಂಚಿತವಾಗಿ, ಶಾಂತವಾದ ಹೊತ್ತಿನಲ್ಲಿ, ಬೇಕಿದ್ದರೆ ಒಂದು ಚೀಟಿಯಲ್ಲಿ ಬರೆದು ತಿಳಿಸುವುದು ಅಗತ್ಯ.

ನಾಲ್ಕನೆಯದು ಸ್ಥಿರತೆ. ಮೊದಲ ಕೆಲವು ದಿನ ಅಳು, ಕೋಪ, ಹಟ ಹೆಚ್ಚುತ್ತವೆ. ಇದುವರೆಗೆ ಸಿಗುತ್ತಿದ್ದುದು ಏಕಾಏಕಿ ತಪ್ಪಿದಾಗ ಇದು ಸಹಜ. ಚಿಕಿತ್ಸೆ ಕೆಟ್ಟಿತೆಂದು ಅನೇಕರು ಕೈಬಿಡುವುದು ಇದೇ ಘಟ್ಟದಲ್ಲಿ. ನಾಲ್ಕು ದಿನ ಗಟ್ಟಿಯಾಗಿದ್ದು ಐದನೆಯ ದಿನ ಮಣಿದರೆ ಇನ್ನೂ ಜೋರಾಗಿ ಅತ್ತರೆ ಫಲ ಸಿಗುತ್ತದೆಂದು ಮಗು ಕಲಿಯುತ್ತದೆ. ಬೈಗುಳ, ಹೊಡೆತ, ಹಂಗಿಸುವಿಕೆಗಳಿಗೆ ಈ ಕ್ರಮದಲ್ಲಿ ಎಳ್ಳಷ್ಟೂ ಜಾಗವಿಲ್ಲ. ಚಿಕ್ಕ ಗೆಲುವಿಗೂ ಮೆಚ್ಚುಗೆಯ ಮಾತು ಇರಲೇಬೇಕು.

ಉದಾಹರಣೆಗೆ, ಹೊನ್ನಾಳಿ ತಾಲ್ಲೂಕಿನ ಹಳ್ಳಿಯೊಂದರಿಂದ ಪಟ್ಟಣದ ಪ್ರೌಢಶಾಲೆಗೆ ಹೋಗಬೇಕಾದ ಎಂಟನೆಯ ತರಗತಿಯ ಹುಡುಗಿಯನ್ನು ಊಹಿಸಿಕೊಳ್ಳಬಹುದು. ಬಸ್ಸಿನ ಭಯಕ್ಕೆ ತಂದೆ ದಿನವೂ ಬೈಕಿನಲ್ಲಿ ಬಿಡುತ್ತಾನೆ. ಅವನಿಗೆ ಕೆಲಸವಿದ್ದ ದಿನ ಅವಳಿಗೆ ರಜೆ. ಮೊದಲ ವಾರ ತಂದೆ ಅವಳೊಂದಿಗೆ ಬಸ್ಸಿನಲ್ಲಿಯೇ, ಅದೇ ಸೀಟಿನಲ್ಲಿ ಕುಳಿತು ಹೋಗಬಹುದು. ಎರಡನೆಯ ವಾರ ಹಿಂದಿನ ಸೀಟಿನಲ್ಲಿ. ಮೂರನೆಯ ವಾರ ಅವಳು ಊರಿನ ಗೆಳತಿಯೊಂದಿಗೆ ಬಸ್ಸಿನಲ್ಲಿ, ತಂದೆ ಬೈಕಿನಲ್ಲಿ ಹೋಗಿ ನಿಲ್ದಾಣದಲ್ಲಿ ಕಾಯುವುದು. ನಾಲ್ಕನೆಯ ವಾರ ನಿಲ್ದಾಣದಲ್ಲಿಯೂ ಯಾರೂ ಇಲ್ಲ. ಒಂದು ಮೆಟ್ಟಿಲು ಕಷ್ಟವಾದರೆ ಅಲ್ಲಿಯೇ ಇನ್ನೂ ಕೆಲವು ದಿನ ನಿಲ್ಲಬಹುದು. ಹಿಂದಕ್ಕೆ ಇಳಿಯದಿರುವುದು ಮುಖ್ಯ.

ಅಜ್ಜಿ ತಾತಂದಿರೂ ಒಂದಾಗಬೇಕು

ಪಾಶ್ಚಾತ್ಯ ಅಧ್ಯಯನಗಳ ಮನೆಯಲ್ಲಿ ಸಾಮಾನ್ಯವಾಗಿ ಇರುವವರು ತಂದೆ, ತಾಯಿ, ಮಕ್ಕಳು. ಇಲ್ಲಿನ ಮನೆಗಳಲ್ಲಿ ಅಜ್ಜಿ, ತಾತ, ದೊಡ್ಡಮ್ಮ, ಚಿಕ್ಕಪ್ಪ, ಅತ್ತೆ ಎಲ್ಲರ ಕೈಯೂ ಮಗುವಿನ ಬೆನ್ನ ಮೇಲಿರುತ್ತದೆ. ತಾಯಿ ಗಟ್ಟಿಯಾದಾಗ ಅಜ್ಜಿ ಕರಗಿದರೆ ಮಗು ಅಜ್ಜಿಯ ಕೋಣೆಗೆ ಓಡುತ್ತದೆ. 'ಮಗೀನ ಕಣ್ಣಾಗೆ ನೀರು ತರಿಸ್ತೀಯಲ್ಲ, ಎಂಥ ತಾಯಿ ನೀನು' ಎಂಬ ಒಂದು ಮಾತು ಸಾಕು, ವಾರದ ಶ್ರಮ ನೀರಿನಲ್ಲಿ ಹೋಮವಾಗಲು. ಹಾಗಾಗಿ ಮನೆಯ ಹಿರಿಯರನ್ನು ಮೊದಲೇ ಕೂರಿಸಿಕೊಂಡು ವಿಷಯ ತಿಳಿಸುವುದು ಚಿಕಿತ್ಸೆಯ ಭಾಗವೇ ಆಗಬೇಕು. ಅದೇ ಹಿರಿಯರು ಒಪ್ಪಿಕೊಂಡರೆ ಮಗುವಿನ ಚಿಕ್ಕ ಗೆಲುವನ್ನು ಮೆಚ್ಚುವ ನಾಲ್ಕು ಬಾಯಿ ಹೆಚ್ಚಾಗುತ್ತವೆ. 'ಸ್ಪೇಸ್' ಕ್ರಮದಲ್ಲಿಯೂ ನೆಂಟರು, ನೆರೆಯವರ ನೆರವು ಪಡೆಯಲು ಸಲಹೆಯಿದೆ. ಆ ಸಂಪತ್ತು ಈ ಊರುಗಳಲ್ಲಿ ಹೇರಳ.

ಶಾಲೆಯೂ ಮಣಿಯುತ್ತದೆ

ಮಗು ನಡುಗುವುದನ್ನು ಕಂಡ ಶಿಕ್ಷಕರು ಅದನ್ನು ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ, ಶಾಲಾ ವಾರ್ಷಿಕೋತ್ಸವದಿಂದ ಹೊರಗಿಡುತ್ತಾರೆ, ಹೊಟ್ಟೆನೋವೆಂದ ಕೂಡಲೇ ಮನೆಗೆ ಕಳಿಸುತ್ತಾರೆ. ಇದರ ಬದಲು ಮೊದಲು ಶಿಕ್ಷಕರೊಬ್ಬರ ಎದುರು, ಬಳಿಕ ಇಬ್ಬರು ಗೆಳತಿಯರ ಎದುರು, ಆಮೇಲೆ ತರಗತಿಯಲ್ಲಿ ಕುಳಿತಲ್ಲಿಂದಲೇ ಒಂದು ಸಾಲು ಓದಿಸುವಂಥ ಮೆಟ್ಟಿಲುಗಳನ್ನು ಶಾಲೆಯೇ ಕಟ್ಟಬಹುದು. ಕೋವಿಡ್ ಕಾರಣ 2020ರ ಮಾರ್ಚ್‌ನಲ್ಲಿ ಮುಚ್ಚಿದ ರಾಜ್ಯದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ದೀರ್ಘಕಾಲ ತಪ್ಪಿದ ಶಾಲೆಗೆ ಮರಳುವುದು ಎಷ್ಟು ಕಷ್ಟ ಎಂಬುದು ಅಂಜುವ ಸ್ವಭಾವದ ಮಕ್ಕಳಿದ್ದ ಮನೆಗಳಿಗೆ ಆಗಲೇ ಮನವರಿಕೆಯಾಗಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹುಡುಗ ಶಾಲೆ ಬಿಟ್ಟರೆ ಮನೆಯಲ್ಲಿ ಗದ್ದಲವಾಗುತ್ತದೆ. ಹುಡುಗಿ ಹೊರಗೆ ಹೋಗಲು ಅಂಜಿದರೆ 'ನಾಚಿಕೆ ಸ್ವಭಾವ, ಒಳ್ಳೆಯ ಹುಡುಗಿ' ಎಂಬ ಹೊಗಳಿಕೆ ಸಿಗುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಟಿಕೆಟ್ ದರ ಹೆಣ್ಣುಮಕ್ಕಳಿಗೆ ಅಡ್ಡಿಯಾಗಿ ಉಳಿದಿಲ್ಲ. ಆದರೆ ಬಸ್ಸು ಹತ್ತುವ ಧೈರ್ಯವನ್ನು ಯಾವ ಯೋಜನೆಯೂ ಹಂಚಲಾರದು. ಎಂಟನೆಯ ತರಗತಿಯಲ್ಲಿ ಭಯಕ್ಕೆ ಮಣಿದು ಮನೆಯಲ್ಲಿ ಉಳಿಸಿಕೊಂಡ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. ಓದು ನಿಂತ ಮನೆಯಲ್ಲಿ ಮದುವೆಯ ಮಾತು ಬೇಗ ಹುಟ್ಟುತ್ತದೆ. ಚಿಕಿತ್ಸೆಯಿಂದ ವಾಸಿಯಾಗಬಹುದಾಗಿದ್ದ ಆತಂಕವೊಂದು ಹೀಗೆ ಇಡೀ ಬದುಕಿನ ದಿಕ್ಕನ್ನೇ ಬದಲಿಸಿಬಿಡಬಹುದು.

ಮೊದಲು ಕೇಳಬೇಕಾದ ಪ್ರಶ್ನೆ

ಹಾಗೆಂದು ಮಗುವಿನ ಪ್ರತಿಯೊಂದು ಭಯವನ್ನೂ ಕಾಯಿಲೆಯೆಂದು ತಿಳಿಯುವುದು ಅಪಾಯಕಾರಿ. ಭಯಕ್ಕೆ ನಿಜವಾದ ಕಾರಣವಿದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಶಾಲೆಯಲ್ಲಿ ಯಾರಾದರೂ ಹೊಡೆಯುತ್ತಿದ್ದಾರೆಯೇ, ಬಸ್ಸಿನಲ್ಲಿ ಕಾಟ ಕೊಡುತ್ತಿದ್ದಾರೆಯೇ, ಜಾತಿ ಅಥವಾ ಬಣ್ಣ ಹಿಡಿದು ಹಂಗಿಸುತ್ತಿದ್ದಾರೆಯೇ, ಲೈಂಗಿಕ ಕಿರುಕುಳ ನಡೆಯುತ್ತಿದೆಯೇ, ಮಗುವಿಗೆ ಓದುಬರಹದಲ್ಲಿಯೇ ತೊಡಕಿದೆಯೇ? ಇವುಗಳಲ್ಲಿ ಯಾವುದಿದ್ದರೂ ಆ ಮಗುವನ್ನು ಅದೇ ಜಾಗಕ್ಕೆ ತಳ್ಳುವುದು ಚಿಕಿತ್ಸೆಯಲ್ಲ, ಕ್ರೌರ್ಯ. ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ 2012ರ ಪೋಕ್ಸೊ ಕಾಯ್ದೆಯಿದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹೊಟ್ಟೆನೋವು, ತಲೆನೋವುಗಳಿಗೂ ಒಮ್ಮೆ ವೈದ್ಯರ ತಪಾಸಣೆ ಆಗಲೇಬೇಕು; ಆಗಿ ಏನೂ ಇಲ್ಲವೆಂದು ತಿಳಿದ ಮೇಲೆ ಊರೂರು ಅಲೆದು ಮತ್ತೆ ಮತ್ತೆ ಸ್ಕ್ಯಾನಿಂಗ್ ಮಾಡಿಸುವುದು ಮಾತ್ರ ಭಯವನ್ನು ಬೆಳೆಸುತ್ತದೆ.

ಅಂತೆಯೇ ಎಲ್ಲ ಅನುಕೂಲವೂ ತಪ್ಪಲ್ಲ. ಆಟಿಸಂ ಇರುವ ಮಗುವಿಗೆ, ದೀರ್ಘ ಕಾಯಿಲೆಯ ಮಗುವಿಗೆ, ಮನೆಯಲ್ಲಿ ಸಾವು ಕಂಡ ಮಗುವಿಗೆ ಕೆಲವು ರಿಯಾಯಿತಿಗಳು ಅಗತ್ಯ. ಈ ಅನುಕೂಲದಿಂದ ಮಗು ದಿನದಿಂದ ದಿನಕ್ಕೆ ಹೆಚ್ಚು ಕೆಲಸ ಮಾಡಬಲ್ಲದಾಗುತ್ತಿದೆಯೋ ಅಥವಾ ಅದರ ಲೋಕ ಕಿರಿದಾಗುತ್ತಿದೆಯೋ ಎಂಬುದೇ ಒರೆಗಲ್ಲು. ಮಗು ಊಟ ಬಿಟ್ಟರೆ, ಸಾಯುವ ಮಾತನಾಡಿದರೆ, ತನಗೆ ತಾನೇ ನೋವು ಮಾಡಿಕೊಂಡರೆ ಮನೆಯಲ್ಲಿ ಪ್ರಯೋಗ ನಡೆಸದೆ ತಕ್ಷಣ ವೈದ್ಯರನ್ನು ಕಾಣಬೇಕು.

ನೆರವು ಎಲ್ಲಿದೆ?

ದಾವಣಗೆರೆ ನಗರದಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ವೈದ್ಯಕೀಯ ಕಾಲೇಜುಗಳೂ ಇವೆ. ಹೊನ್ನಾಳಿಯಿಂದ ಬೇರ್ಪಟ್ಟು 2018ರಲ್ಲಿ ತಾಲ್ಲೂಕಾದ ನ್ಯಾಮತಿಯ ಜನರಿಗೆ ಶಿವಮೊಗ್ಗವೇ ಸಮೀಪ. ಆದರೆ ಕೂಲಿ ಬಿಟ್ಟು, ಬಸ್ಸು ಬದಲಿಸಿ ವಾರಕ್ಕೊಮ್ಮೆ ಹನ್ನೆರಡು ವಾರ ನಗರಕ್ಕೆ ಬರುವುದು ಹಳ್ಳಿಯ ಕುಟುಂಬಕ್ಕೆ ಸುಲಭವಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದೇ ಇಂಥವರಿಗಾಗಿ. ನಿಮ್ಹಾನ್ಸ್ 1980ರ ದಶಕದಲ್ಲಿ 'ಬಳ್ಳಾರಿ ಮಾದರಿ'ಯ ಮೂಲಕ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟರೆ ಮಾನಸಿಕ ಚಿಕಿತ್ಸೆ ಹಳ್ಳಿಗೆ ತಲುಪಬಲ್ಲದು ಎಂದು ತೋರಿಸಿಕೊಟ್ಟಿತು. ಅದರ ಆಧಾರದ ಮೇಲೆ 1996ರಲ್ಲಿ ರಾಷ್ಟ್ರಮಟ್ಟದಲ್ಲಿ ಕಾರ್ಯಕ್ರಮ ಆರಂಭವಾಯಿತು. ರಾಜ್ಯ ಸರ್ಕಾರ 2014ರಲ್ಲಿ ತಂದ 'ಮನೋಚೈತನ್ಯ' ಯೋಜನೆ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಕ್ರಮವನ್ನು ರೂಪಿಸಿತು. ಬರುವ ದಿನವನ್ನು ಆಯಾ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಮನೆಯಿಂದಲೇ ಮಾತನಾಡಬಯಸುವವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಸಹಾಯವಾಣಿ ಇದೆ. 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಗುವೇ ಮಾತನಾಡಬೇಕೆಂದಿಲ್ಲ, ಹೆತ್ತವರು ತಮ್ಮ ಪ್ರಶ್ನೆಗಳನ್ನು ಕೇಳಬಹುದು.

ಹೆತ್ತವರ ಮೂಲಕ ನೀಡುವ ಚಿಕಿತ್ಸೆಗೆ ದೊಡ್ಡ ಯಂತ್ರೋಪಕರಣ ಬೇಡ, ಮಗುವನ್ನು ನಗರಕ್ಕೆ ಎಳೆದೊಯ್ಯಬೇಕಾಗಿಯೂ ಇಲ್ಲ. ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರು ತಾಲ್ಲೂಕು ಆಸ್ಪತ್ರೆಯ ಒಂದು ಕೋಣೆಯಲ್ಲಿ ಹೆತ್ತವರೊಂದಿಗೆ ಕುಳಿತು ಈ ಕೆಲಸ ಮಾಡಬಲ್ಲರು. ಶಾಲೆಗಳ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಈ ವಿಷಯಕ್ಕೂ ಅರ್ಧ ಗಂಟೆ ಮೀಸಲಿಡಬಹುದು. ಅಂಜುವ ಮಗುವಿಗೆ ಬೇಕಾದದ್ದು ಭಯವೇ ಇಲ್ಲದ ದಾರಿಯಲ್ಲ. ಭಯವಾದಾಗ 'ನಿನ್ನಿಂದಾಗುತ್ತದೆ' ಎಂದು ನಂಬಿ, ಒಂದು ಹೆಜ್ಜೆ ಹಿಂದೆ ನಿಲ್ಲುವ ಮನೆಯವರು ಅದಕ್ಕೆ ಬೇಕು.